ಮಾವಿನಕಾಯಿ ತಿಂದವಳು

ಅವತ್ತು ಸಂಜೆ ಇವರು ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಲೇ, "ಅಲ್ವೇ ರತ್ನ, ಮಾವಿನಕಾಯಿಗೆ ಅಷ್ಟೊಂದು ಖಾರದ ಪುಡಿ ಯಾಕೆ ಹಚ್ಕೊಂಡೆ? ನೆತ್ತಿಗೇರಿ, ಬಾಯಲ್ಲಿದ್ದ ಅನ್ನ ಗಂಟಲಲ್ಲೇ ನಿಂತ್ಬಿಡ್ತು," ಎಂದರು. ನಗುತ್ತಲೇ ಹೇಳಿದರು. ನಾನು ಒಂದು ರವಿಕೆಯ ತೋಳಿಗೆ ಕೈಹೊಲಿಗೆ ಹಾಕುತ್ತಿದ್ದೆ. ತಲೆಯೆತ್ತದೆ "ಹೂಂ" ಎಂದೆ.

ನಾನು ಅವತ್ತು ಮಾವಿನಕಾಯಿ ತಿಂದಿರಲಿಲ್ಲ. ಮದುವೆ ಮನೆಯೊಂದರ ರವಿಕೆಗಳು ಸಂಜೆಯೊಳಗೆ ಆಗಬೇಕಿದ್ದುದರಿಂದ ಹನ್ನೊಂದಕ್ಕೇ ನಾಲ್ಕು ತುತ್ತು ಮಜ್ಜಿಗೆ ಅನ್ನ ನುಂಗಿ ಮೆಷಿನ್ನಿನ ಮುಂದೆ ಕೂತಿದ್ದೆ. ಒಂದು ಗಂಟೆಗೆ ಇವರು ಅಂಗಡಿಯಲ್ಲಿ ಕ್ಯಾರಿಯರ್ ಬಿಚ್ಚಿದ್ದು ಗೊತ್ತಾಗಿತ್ತು. ಬೆಳಿಗ್ಗೆ ನಾನೇ ಮಾಡಿ ಕಳಿಸಿದ್ದ ದಂಟಿನ ಸೊಪ್ಪಿನ ಬಸ್ಸಾರು, ಸೂಜಿಗೆ ದಾರ ಪೋಣಿಸುತ್ತಿದ್ದ ನನ್ನ ನಾಲಿಗೆಗೆ ಬಂದಿತ್ತು. ಬೆಳ್ಳುಳ್ಳಿ ಚೆನ್ನಾಗಿ ಹಿಡಿದಿದೆ ಎಂದುಕೊಂಡು ದಾರ ಪೋಣಿಸಿದ್ದೆ. ಮಾವಿನಕಾಯಿ ನಮ್ಮ ಮನೆಗೇ ಬಂದಿರಲಿಲ್ಲ.

ನಮ್ಮ ಊರಲ್ಲಿ ಧಾರೆಯಾದ ಮೇಲೆ ಗಂಡಿನ ಅಂಗೈಯ ಉಪ್ಪನ್ನು ಹೆಣ್ಣು, ಹೆಣ್ಣಿನ ಅಂಗೈಯ ಉಪ್ಪನ್ನು ಗಂಡು ನೆಕ್ಕುತ್ತಾರೆ. ಆ ಗಳಿಗೆಯಿಂದ ಅವಳು ತಿಂದದ್ದರ ರುಚಿ ಅವನ ಬಾಯಿಗೆ, ಅವನು ತಿಂದದ್ದರ ರುಚಿ ಅವಳ ಬಾಯಿಗೆ. ತನ್ನ ತುತ್ತು ತನಗೆ ಬರೀ ಮೆತ್ತಗೋ ಗಟ್ಟಿಯೋ, ಬಿಸಿಯೋ ತಣ್ಣಗೋ, ಅಷ್ಟೆ. ಅದಕ್ಕೇ ಗಂಡ ಹೆಂಡತಿ ಎಲ್ಲಿದ್ದರೂ ಒಂದೇ ಹೊತ್ತಿಗೆ ಉಣ್ಣುತ್ತಾರೆ. ಅಂಗಡಿ ಬೀದಿಯಲ್ಲಿ ಒಂದು ಗಂಟೆ ಹೊಡೆದರೆ ಅಡುಗೆಮನೆಗಳಲ್ಲೂ ತಟ್ಟೆ ಇಟ್ಟ ಸದ್ದು ಕೇಳುತ್ತದೆ. ಒಂದೂವರೆಗೆ ತಟ್ಟೆಯ ಸದ್ದು ಬಂದರೆ ಆ ಮನೆಯಲ್ಲಿ ಜಗಳ ಎಂದು ಅಕ್ಕಪಕ್ಕದವರು ತಿಳಿಯುತ್ತಾರೆ.

ಮುತ್ತೈದೆಯರಿಗೆ ಒಲೆಯ ಮೇಲಿನ ಸಾರಿನ ಉಪ್ಪು ನೋಡಲು ಆಗುವುದಿಲ್ಲ. ಸೌಟು ಬಾಯಿಗಿಟ್ಟರೆ ಎಲ್ಲೋ ಕಚೇರಿಯಲ್ಲಿ ಕೂತ ಗಂಡ ತುಟಿ ಚಪ್ಪರಿಸುತ್ತಾನೆ. ಹಾಗಾಗಿ ನಮ್ಮ ಬೀದಿಗೆ ಚೆಲುವಮ್ಮ ಇದ್ದರು. ಗಂಡ ತೀರಿಕೊಂಡ ದಿನವೇ ಅವರ ನಾಲಿಗೆ ಅವರಿಗೆ ವಾಪಸು ಬಂದಿತ್ತು. ಮೂವತ್ತೊಂದು ವರ್ಷದ ಮೇಲೆ ತನ್ನ ಕಣ್ಣೀರಿನ ಉಪ್ಪೇ ತನಗೆ ಮೊದಲು ಸಿಕ್ಕಿದ್ದು ಎಂದು ಅವರು ಹೇಳುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಒಂದು ಹಿತ್ತಾಳೆ ಚಮಚ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಹನ್ನೊಂದು ಮನೆಯ ಉಪ್ಪು ನೋಡಿಯೇ ಮನೆ ಸೇರುತ್ತಿದ್ದರು. ಅವರು ಬಾರದ ದಿನ ಇಡೀ ಬೀದಿ ಕೈಯಳತೆಯ ಮೇಲೆ ಉಣ್ಣುತ್ತಿತ್ತು.

ಸಂಜೆ ದೀಪ ಹಚ್ಚುವ ಮುಂಚೆ ಗಂಡ ಹೆಂಡತಿ ಬಾಯಿ ಹೇಳುವುದು ನಮ್ಮಲ್ಲಿನ ವಾಡಿಕೆ. ನೀನು ಇವತ್ತು ಇಂಥಿಂಥದು ತಿಂದೆ ಎಂದು ಅವರು, ನೀವು ಇಂಥಿಂಥದು ತಿಂದಿರಿ ಎಂದು ನಾನು. ಹೊಸದರಲ್ಲಿ ಅದೊಂದು ಆಟ. ಇಪ್ಪತ್ತೆರಡು ವರ್ಷದ ಮೇಲೆ ಕೈಕಾಲು ತೊಳೆದಷ್ಟೇ ಸಹಜ. ಆ ಮಾವಿನಕಾಯಿ ಬಂದದ್ದು ಆ ಮಾತಿನ ನಡುವೆ. ಗಂಡನ ಬಾಯಿಗೆ ಹೆಂಡತಿಯ ತುತ್ತು ಬಿಟ್ಟು ಬೇರೆ ಯಾರದೂ ಬರುವುದಿಲ್ಲ. ತಾಯಿಯದು ಬರುವುದಿಲ್ಲ, ಮಗಳದು ಬರುವುದಿಲ್ಲ. ಉಪ್ಪು ನೆಕ್ಕಿದವಳದು ಮಾತ್ರ ಬರುತ್ತದೆ.

"ನಾನು ತಿಂದಿಲ್ಲ" ಎಂದು ಹೇಳಿದ್ದರೆ ಎಲ್ಲವೂ ಅವತ್ತೇ ಮುಗಿಯುತ್ತಿತ್ತು. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೆ ಹೆದರಿದೆ. ಮರುದಿನ ಪರೀಕ್ಷೆ ಮಾಡಿದೆ. ಇವರು ಹೊರಟ ಮೇಲೆ ಸಂಜೆಯವರೆಗೆ ನೀರು ಬಿಟ್ಟು ಏನನ್ನೂ ಬಾಯಿಗಿಡಲಿಲ್ಲ. ಸಂಜೆ ಇವರು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, "ಹತ್ತು ಗಂಟೆಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮೊಸರನ್ನದ ಜೊತೆಗೆ ಮತ್ತೆ ಅದೇ ಮಾವಿನಕಾಯಿ. ನಾಲ್ಕಕ್ಕೆ ಬೆಲ್ಲದ ಕಾಫಿ. ಈ ನಡುವೆ ನಿನ್ನ ಬಾಯಿ ಜೋರಾಗಿದೆ ಕಣೇ," ಎಂದರು.

"ಹೂಂ," ಎಂದೆ. ಹಸಿವಿನಿಂದ ಕಿವಿ ಗುಂಯ್ ಎನ್ನುತ್ತಿತ್ತು.

ಇನ್ನೊಬ್ಬಳಿದ್ದಾಳೆ. ಉಪ್ಪು ನೆಕ್ಕಿದವಳು. ಅವಳು ರೊಟ್ಟಿ ತಿನ್ನುತ್ತಾಳೆ, ಬೆಲ್ಲದ ಕಾಫಿ ಕುಡಿಯುತ್ತಾಳೆ. ಅವಳದನ್ನೆಲ್ಲ ಈ ಮನುಷ್ಯ ನನ್ನ ತಲೆಗೆ ಕಟ್ಟಿ, ನಗುನಗುತ್ತ, ನನ್ನ ಎದುರಿಗೇ ಹೇಳುತ್ತಾನೆ. ಮುಚ್ಚಿಡುವುದಕ್ಕೆ ಇದಕ್ಕಿಂತ ಜಾಣ ದಾರಿ ಇಲ್ಲ ಎಂದು ನನಗೆ ಅನ್ನಿಸಿತು. ಹೊಲಿಗೆ ಮೆಷಿನ್ ರಿಪೇರಿಯವರಿಗೆ ಮನೆಮನೆಗೆ ಹೋಗುವ ಕೆಲಸ. ಬೆಲ್ಟು ಸಡಿಲವಾಯಿತು, ಬಾಬಿನ್ ಸಿಕ್ಕಿಕೊಂಡಿತು ಎಂದು ಕರೆಯುವವರೆಲ್ಲ ಹೆಂಗಸರೇ. ನಾನೂ ಹಾಗೆ ಕರೆದವಳೇ. ನಮ್ಮಪ್ಪನ ಮನೆಯ ಹಳೇ ಮೆಷಿನ್ನನ್ನು ಇವರು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ ಮೇಲೆ, ಅದು ಕೆಟ್ಟೇ ಇರಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡದ್ದು.

ನಾಲ್ಕನೆಯ ದಿನ ಇವರು ಒಂದು ಚೀಲ ಮಾವಿನಕಾಯಿ ತಂದು ನನ್ನ ಕತ್ತರಿಯ ಪಕ್ಕದಲ್ಲಿಟ್ಟರು. "ಆಸೆ ಆಗ್ತಿದೆಯಲ್ಲ, ತಿನ್ನು. ಖಾರ ಮಾತ್ರ ಸ್ವಲ್ಪ ನೋಡ್ಕೊಂಡು." ಆ ಚೀಲವನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಎಲ್ಲವನ್ನೂ ಹೆಚ್ಚಿ ಉಪ್ಪಿನಕಾಯಿ ಹಾಕಿ ಭರಣಿಗೆ ಬಟ್ಟೆ ಕಟ್ಟಿಟ್ಟೆ. ಒಂದು ಹೋಳನ್ನೂ ಬಾಯಿಗಿಡಲಿಲ್ಲ.

ಮಾರನೆಯ ದಿನ ಗ್ರಂಥಿಗೆ ಅಂಗಡಿಗೆ ಹೋಗಿ ಕಿರಾತಕಡ್ಡಿ ಕೇಳಿದೆ. ನಮ್ಮ ಊರಿನ ಅಂಗಡಿಯವರು ಹೆಂಗಸರಿಗೆ ಕಹಿ ಕಟ್ಟಿಕೊಡುವಾಗ ಕಾರಣ ಕೇಳುವುದಿಲ್ಲ. "ಎರಡು ದಿನಕ್ಕೆ ಸಾಕಾ ತಾಯಿ, ವಾರಕ್ಕೆ ಬೇಕಾ?" ಎಂದು ಮಾತ್ರ ಕೇಳುತ್ತಾರೆ. "ತಿಂಗಳಿಗೆ ಕೊಡಿ," ಎಂದೆ. ಅವರು ಕಾಗದ ಮಡಿಸುತ್ತ, "ಅವರಿಗೆ ಬಾಯಿ ಅಷ್ಟೆ. ಹೊಟ್ಟೆ ನಿಮ್ಮದು, ನೋಡ್ಕೊಳ್ಳಿ," ಎಂದರು.

ಇವರು ಗಿರಾಕಿಗಳ ಜೊತೆ ಮಾತಾಡುವ ಹೊತ್ತನ್ನು ನೋಡಿಕೊಂಡು ಕಡ್ಡಿ ಜಗಿಯುತ್ತಿದ್ದೆ. ನನಗೆ ಅದು ಬರೀ ನಾರು, ಪೊರಕೆಯ ಕಡ್ಡಿ ಜಗಿದ ಹಾಗೆ. ಬೀದಿಯ ಆ ತುದಿಯಲ್ಲಿ ಇವರ ಮುಖ ಕಿವುಚುವುದನ್ನು ನೆನೆದುಕೊಂಡು ಇನ್ನೆರಡು ಜಗಿಯುತ್ತಿದ್ದೆ. ಹತ್ತು ದಿನಕ್ಕೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಸಂಜೆ ಬಾಯಿ ಹೇಳುವಾಗ ಇವರು ಎಲ್ಲವನ್ನೂ ಹೇಳುತ್ತಿದ್ದರು, ಕಹಿಯೊಂದನ್ನು ಬಿಟ್ಟು. ನೋಡಿದೆಯಾ, ತಪ್ಪು ಮಾಡಿದವರ ಮೌನ ಹೇಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಚೆಲುವಮ್ಮ ಸಾರಿನ ಉಪ್ಪು ನೋಡಿ, ಚಮಚವನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಲ್ಲೇ ನಿಂತರು. "ನಿನ್ ಗಂಡ ನಿನ್ನೆ ನಮ್ಮನೆ ತಾವ ಬಂದಿದ್ದ. ರತ್ನಂಗೆ ಏನೋ ಕಾಯಿಲೆ ಅನ್ಸುತ್ತೆ ಚೆಲುವಮ್ಮ, ಹುಳಿ ತಿಂತಾಳೆ, ಕಹಿ ತಿಂತಾಳೆ, ಕದ್ದು ಔಷಧಿ ತಗೊತಾವ್ಳೆ, ಕೇಳಿದ್ರೆ ನೊಂದ್ಕೊತಾಳೆ ಅಂತ ಸುಮ್ನಿದೀನಿ, ನೀವಾದ್ರೂ ಕೇಳಿ ಅಂದ. ನಿಂತ್ಕೊಂಡೇ ಕಣ್ಣಲ್ಲಿ ನೀರು ಹಾಕ್ದ. ಏನೇ ನಿಂದು? ಮುಟ್ಟು ನಿಲ್ಲೋ ವಯಸ್ಸಿನ ಬಾಯಿಚಪಲವೋ, ಏನಾದ್ರೂ ಗಂಟು ಗಿಂಟು ಕಂಡಿದ್ಯೋ?"

"ಏನಿಲ್ಲ ಚೆಲುವಮ್ಮ."

"ಏನಿಲ್ಲ ಅಂದ್ರೆ ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?" ಎಂದು ಅವರು ಹೋದರು.

ಅವತ್ತು ಮಧ್ಯಾಹ್ನ ಕಡ್ಡಿ ಕೈಯಲ್ಲೇ ಉಳಿಯಿತು. ಆದರೆ ಒಮ್ಮೆ ಮನಸ್ಸಿಗೆ ಹೊಕ್ಕ ಸಂಶಯ ಎಲ್ಲದಕ್ಕೂ ತನ್ನದೇ ಅರ್ಥ ಕಟ್ಟುತ್ತದೆ. ಇದೂ ನಾಟಕ ಎಂದುಕೊಂಡೆ, ಮರುದಿನ ಎರಡು ಕಡ್ಡಿ ಜಗಿದೆ.

ಯುಗಾದಿ ಬಂತು. ಯುಗಾದಿ ಕಳೆದ ಐದನೆಯ ದಿನ ನಮ್ಮ ಮನೆಯಲ್ಲಿ ಒಂದು ತಿಥಿ. ಮದುವೆಯಾದ ವರ್ಷ ಅತ್ತೆ, "ನಮ್ಮನೆಯ ಒಬ್ಬ ಹೆಣ್ಣುಮಗಳದು, ಚಿಕ್ಕ ವಯಸ್ಸಿಗೆ ಹೋದಳು," ಎಂದು ಹೇಳಿ ವಡೆ ಪಾಯಸ ಮಾಡಿಸಿದ್ದರು. ಅತ್ತೆ ಹೋದ ಮೇಲೂ ನಾನು ಬಿಡದೆ ನಡೆಸಿಕೊಂಡು ಬಂದಿದ್ದೆ. ಆ ಸಲ ಚೆಲುವಮ್ಮ ತಂಗಿಯ ಮನೆಗೆ ಹೋಗಿದ್ದರು. ವಡೆಯ ಹಿಟ್ಟಿಗೆ ಕೈಯಳತೆಯಲ್ಲಿ ಉಪ್ಪು ಹಾಕಿದೆ. ಇವರು ಎಲೆಯ ಮುಂದೆ ಎಂದಿನಂತೆ ತಲೆತಗ್ಗಿಸಿ ಕೂತು ಉಂಡರು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತಿದ್ದೆವು. ತಿಂಡಿ ಇನ್ನೂ ಆಗಿರಲಿಲ್ಲ. ಇವರು ಒಂದು ಮೆಷಿನ್ನಿನ ಶಟಲ್ ಬಿಚ್ಚಿ ಧೂಳು ತೆಗೆಯುತ್ತಿದ್ದರು. ಏನಾದರಾಗಲಿ ಎಂದು ನಾನು ಅವರ ಕಣ್ಣೆದುರಿಗೇ ಕಡ್ಡಿ ತೆಗೆದು ಬಾಯಿಗಿಟ್ಟೆ, ಅವರನ್ನೇ ನೋಡುತ್ತ ಜಗಿದೆ. ಅವರ ಮುಖ ಕಿವುಚಿತು. ಆಮೇಲೆ ನಿಧಾನವಾಗಿ, ಒಲೆಯಿಂದ ಇಳಿಸಿದ ಹಾಲು ತಣಿಯುವ ಹಾಗೆ, ಆ ಕಿವುಚಿದ ಮುಖ ಸಡಿಲವಾಯಿತು. ಹುಬ್ಬು ಗಂಟಾಯಿತು.

"ಇನ್ನೊಂದು ಸಲ ಜಗಿ," ಎಂದರು. ಜಗಿದೆ. "ಬಾಯಿ ತೆಗಿ, ನೋಡೋಣ." ತೆಗೆದೆ. ನಾರು ಬಿಟ್ಟು ಬೇರೇನೂ ಇರಲಿಲ್ಲ.

"ಕಹಿ ಇದೆ. ಅದರ ಮೇಲೆ ಶ್ಯಾವಿಗೆ ಪಾಯಸ ಇದೆ. ಏಲಕ್ಕಿ ಹಾಕಿದ್ದು," ಎಂದರು. ಅವರ ಕೈಯಿಂದ ಶಟಲ್ ಜಾರಿ ಚಾಪೆಯ ಮೇಲೆ ಬಿತ್ತು. "ರತ್ನ, ಆ ಮಾವಿನಕಾಯಿ... ಅದು ನೀನಲ್ವಾ?"

"ಒಂದು ದಿನವೂ ಅಲ್ಲ."

"ಮತ್ತೆ ಹೂಂ ಅಂದೆಯಲ್ಲೇ."

ಅವರು ಗೋಡೆಗೆ ಒರಗಿ ಕೂತರು. ಬಣ್ಣಗೆಟ್ಟ ಮುಖ ಅಂತ ಹೇಳುತ್ತಾರಲ್ಲ, ಅದನ್ನು ನಾನು ಅವತ್ತು ನೋಡಿದೆ. "ಹಾಗಾದ್ರೆ ಅವಳು ಸತ್ತಿಲ್ಲ," ಎಂದರು.

ಹೇಳಿದ್ದು ಇಷ್ಟು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಇವರಿಗೆ ಹೊಳೆಯಾಚೆಯ ಊರಿನ ಲೋಲಾಕ್ಷಿ ಎಂಬ ಹುಡುಗಿಯನ್ನು ತಂದಿದ್ದರು. ಎಂಟು ತಿಂಗಳು. ಅತ್ತೆಗೂ ಅವಳಿಗೂ ಆಗಿಬರಲಿಲ್ಲ, ಜಗಳವಾಡಿ ತವರಿಗೆ ಹೋದಳು. ಕರೆದುಕೊಂಡು ಬರುತ್ತೇನೆ ಎಂದು ಇವರು, ತಾನಾಗೇ ಬರಲಿ ಎಂದು ಅತ್ತೆ. ಅಲ್ಲಿ ಅವಳಿಗೆ ಜ್ವರ ಎಂದು ಸುದ್ದಿ ಬಂತು. ಒಂದು ಬೆಳಿಗ್ಗೆ ಇವರು ಕಾಫಿ ಕುಡಿದರೆ, ಆ ಕಾಫಿ ಇವರ ಬಾಯಿಗೇ ರುಚಿಸಿತು. ನಮ್ಮ ಊರಲ್ಲಿ ಅದರರ್ಥ ಒಂದೇ. ಅತ್ತೆ ಅಲ್ಲೇ ನೆಲದ ಮೇಲೆ ಕೂತು ಅತ್ತರಂತೆ. ಹನ್ನೊಂದನೆಯ ದಿನದ ಕೆಲಸ ಮಾಡಿದರು. ನಾಲಿಗೆಯೇ ಹೇಳಿದ ಮೇಲೆ ಹೊಳೆ ದಾಟಿ ಹೋಗಿ ನೋಡಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮೂರು ವರ್ಷದ ಮೇಲೆ ನಾನು ಬಂದೆ. ಎರಡನೆಯ ಸಂಬಂಧ ಅಂದರೆ ಹೆಣ್ಣು ಸಿಗುವುದಿಲ್ಲ ಎಂದು ಅತ್ತೆ ಬಾಯಿ ಕಟ್ಟಿದರು. ಇವರೂ ಕಟ್ಟಿಸಿಕೊಂಡರು.

"ಆಮೇಲೆ ಹೇಳಬಹುದಿತ್ತಲ್ಲ. ಇಪ್ಪತ್ತೆರಡು ವರ್ಷ ಇತ್ತಲ್ಲ."

"ಪ್ರತಿ ವರ್ಷ ಆ ವಡೆ ತಿನ್ನೋವಾಗ ಹೇಳ್ಬೇಕು ಅನ್ಕೊಳ್ತಿದ್ದೆ. ನೀನು ಅಷ್ಟು ಶ್ರದ್ಧೆಯಿಂದ ಬಡಿಸ್ತಿದ್ದೆ. ಹೇಳಕ್ಕಾಗ್ಲಿಲ್ಲ."

ಆ ಮಾತು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ಸವತಿಯ ತಿಥಿಗೆ ಇಪ್ಪತ್ತೆರಡು ವರ್ಷ ವಡೆ ಕರಿದ ಕೈಗಳನ್ನು ನೋಡಿಕೊಂಡು ಕೂತೆ. ನನ್ನ ಹೆದರಿಕೆ ಇನ್ನೂ ದೊಡ್ಡದಿತ್ತು. ಊರಿನ ಹಿರಿಯರ ಮುಂದೆ ಮೊದಲನೆಯ ಉಪ್ಪೇ ಉಪ್ಪು. ಮೊದಲನೆಯವಳು ಬದುಕಿದ್ದು, ತನ್ನ ಉಪ್ಪು ಬಿಡಿಸಿಕೊಳ್ಳಲು ಒಪ್ಪದಿದ್ದರೆ, ಎರಡನೆಯವಳದನ್ನೇ ಬಿಡಿಸುತ್ತಾರೆ. ಹಾಸ್ಟೆಲಿನಲ್ಲಿ ಓದುತ್ತಿರುವ ನನ್ನ ಮಗಳ ಲಗ್ನಪತ್ರಿಕೆಯಲ್ಲಿ ನಾಳೆ ತಾಯಿಯ ಹೆಸರಿನ ಜಾಗದಲ್ಲಿ ಏನು ಬರೆಸುವುದು? ಇದೇ ಮನೆಯ, ಇದೇ ಮೆಷಿನ್ನಿನ ಮುಂದೆ ನಾನು ಯಾರು?

ಅವಳ ಮೇಲೆ ಹೊಟ್ಟೆಯಲ್ಲಿದ್ದ ಉರಿಯನ್ನೆಲ್ಲ ಸೇರಿಸಿ ಕಷಾಯ ಕುದಿಸಿದೆ. ಇವರು ತಿಂದದ್ದು ಅವಳ ಬಾಯಿಗೆ ಹೋಗುತ್ತದಲ್ಲ, ಹೋಗಲಿ. ಬೇವು, ಕಿರಾತಕಡ್ಡಿ, ಅಳಲೆಕಾಯಿ, ಒಂದು ದೊಡ್ಡ ಲೋಟ. "ಕುಡೀರಿ," ಎಂದೆ. ಯಾಕೆಂದು ಇವರಿಗೆ ಗೊತ್ತಿತ್ತು. ಗಟಗಟ ಕುಡಿದರು. ನಾನೂ ಇವರ ಹೆಂಡತಿಯೇ ಎಂಬುದು ನನಗೆ ನೆನಪಾದದ್ದು ಆಗ. ಹೊಳೆಯಾಚೆ ಅವಳಿಗೆ ಹೋದಷ್ಟೇ ಕಹಿ ಅಡುಗೆಮನೆಯಲ್ಲಿ ನಿಂತ ನನಗೂ ಬಂತು. ಗೋಡೆ ಹಿಡಿದುಕೊಂಡು ನಿಂತೆ. ಇವರೊಬ್ಬರೇ ಬಿಸಿನೀರು ಕುಡಿದವರ ಹಾಗೆ ಲೋಟ ಕೆಳಗಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಅವರು, "ಬೆಲ್ಲ," ಎಂದರು.

"ಏನು?"

"ಬಾಯಿಗೆ ಬೆಲ್ಲ ಬಂತು. ದೊಡ್ಡ ಅಚ್ಚು."

ಮರುದಿನವೂ ಕಷಾಯ ಕೊಟ್ಟೆ, ಮರುದಿನವೂ ಬೆಲ್ಲ ಬಂತು. ಮೂರನೆಯ ದಿನ ಲೋಟ ಕೆಳಗಿಡುವ ಮೊದಲೇ ಬಂತು. ಅವಳಿಗೆ ಅರ್ಥವಾದದ್ದು ಏನೆಂದು ನನಗೆ ಗೊತ್ತಾಯಿತು. ಹೊಳೆಯಾಚೆ ಯಾರೋ ಕಾಯಿಲೆ ಬಿದ್ದು ಕಷಾಯ ಕುಡಿಯುತ್ತಿದ್ದಾರೆ. ಅವರ ಬಾಯಿ ಕಹಿಯಾಗಿರಬೇಕು. ತಾನು ಬೆಲ್ಲ ತಿಂದರೆ ತನಗೇನೂ ಸಿಗದು, ಅವರಿಗೆ ಸಿಗುತ್ತದೆ. ನಾನು ನಾಲ್ಕನೆಯ ದಿನದ ಕಷಾಯವನ್ನು ಬಚ್ಚಲಿಗೆ ಸುರಿದು ಸೀರೆ ಬದಲಾಯಿಸಿದೆ. ಇವರು ಅಂಗಡಿಗೆ ಹೋದ ಮೇಲೆ, ಹೇಳದೆ, ಹತ್ತು ಗಂಟೆಯ ದೋಣಿ ಹತ್ತಿದೆ.

ಹೊಳೆಯಾಚೆಯ ಊರಲ್ಲಿ ಲೋಲಾಕ್ಷಿ ಎಂದರೆ ಎಲ್ಲರಿಗೂ ಗೊತ್ತಿತ್ತು. ಕಸಿ ಲೋಲಮ್ಮ ಎನ್ನುತ್ತಿದ್ದರು. ತೋಟದ ನೆರಳಿನಲ್ಲಿ ಸಾಲಾಗಿ ಜೋಡಿಸಿದ ಮಾವಿನ ಸಸಿಗಳ ನಡುವೆ, ನನಗಿಂತ ಎರಡು ಮೂರು ವರ್ಷ ದೊಡ್ಡವಳಾದ ಒಬ್ಬ ಉದ್ದನೆಯ ಹೆಂಗಸು ಕುಕ್ಕರಗಾಲಲ್ಲಿ ಕೂತು, ಒಂದು ಗಿಡದ ಸೀಳಿಗೆ ಇನ್ನೊಂದು ಗಿಡದ ಚಿಗುರನ್ನು ಸೇರಿಸಿ ಪಟ್ಟಿ ಸುತ್ತುತ್ತಿದ್ದಳು. ನಾನು ದೋಣಿಯಲ್ಲಿ ಕೂತು ಕಟ್ಟಿಕೊಂಡಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ.

"ನಾನು ರತ್ನಮಾಲ. ಹೊಲಿಗೆ ಮೆಷಿನ್ ಕೇಶವ ಅವರ ಮನೆಯಿಂದ ಬಂದೆ," ಎಂದೆ.

ಅವಳು ಪಟ್ಟಿಯ ಗಂಟು ಮುಗಿಸಿಯೇ ತಲೆಯೆತ್ತಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಸ್ಸಾರು ನೀವೇ ಮಾಡೋದಾ?" ಎಂದಳು.

"ಹೌದು."

"ನಮ್ಮತ್ತೆ ಕೈಯದಲ್ಲ ಅಂತ ಅವತ್ತೇ ಅನ್ಕೊಂಡೆ. ಅವರು ಹುಣಸೆಹುಳಿ ಸುರೀತಿದ್ರು. ಕೂತ್ಕೊಳ್ಳಿ, ನಿಂತೇ ಇದೀರಲ್ಲ."

ಜಗುಲಿಯ ಮೇಲೆ ಕೂತೆವು. ಅವಳು ಹೇಳಿದ್ದು ಹೀಗೆ. ಆ ಜ್ವರ ಅವಳ ನಾಲಿಗೆಯನ್ನು ಸುಟ್ಟುಬಿಟ್ಟಿತ್ತು. ಗಂಡನದೂ ಬರುತ್ತಿರಲಿಲ್ಲ, ತನ್ನದೂ ಇರಲಿಲ್ಲ, ಮಣ್ಣು ತಿಂದರೂ ಒಂದೇ, ಅನ್ನ ತಿಂದರೂ ಒಂದೇ. ನಾಲ್ಕು ತಿಂಗಳು ದಾರಿ ನೋಡಿದಳು. ಯಾರೂ ಬರಲಿಲ್ಲ. ಆಮೇಲೆ ಅಂಬಿಗರೊಬ್ಬರಿಂದ, ಆಚೆ ದಡದಲ್ಲಿ ತನ್ನ ಹನ್ನೊಂದನೆಯ ದಿನ ಆಯಿತು ಎಂದು ಕೇಳಿದಳು. "ನಮ್ಮಪ್ಪ ದೊಣ್ಣೆ ತಗೊಂಡು ಹೊರಟ್ರು. ನಾನೇ ತಡೆದೆ. ಬೇಡ ಅಪ್ಪ, ಸತ್ತೋಳಾಗೇ ಇರ್ತೀನಿ, ಅವರು ವರ್ಷ ವರ್ಷ ಅಳಲಿ ಅಂದೆ. ನಾನು ತೀರಿಸ್ಕೊಂಡ ಸೇಡು ಅಷ್ಟೇ. ಅವರು ಅತ್ರೋ ಬಿಟ್ರೋ, ಇಲ್ಲಿ ಇಪ್ಪತ್ತೈದು ವರ್ಷ ರುಚಿ ಇಲ್ದೆ ಉಂಡೋಳು ನಾನು."

"ಮತ್ತೆ ಈಗ?"

"ಶಿವರಾತ್ರಿ ಆಗಿ ಒಂದು ವಾರ ಆಗಿತ್ತು. ಮರದಡಿ ಕೂತು ಮಾವಿನಕಾಯಿಗೆ ಖಾರ ಹಚ್ಕೊಂಡು ಕಚ್ಚಿದೆ. ಹಲ್ಲು ಚುಳ್ ಅನ್ನುತ್ತಲ್ಲ, ನನಗೆ ಅಷ್ಟೇ ಸಿಗ್ತಿದ್ದದ್ದು, ಅದಕ್ಕೇ ತಿಂತಿದ್ದೆ. ಕಚ್ಚಿದ್ದು ಮಾವಿನಕಾಯಿ, ಬಾಯಿಗೆ ಬಂದದ್ದು ಬಸ್ಸಾರು. ಬೆಳ್ಳುಳ್ಳಿ, ಸೊಪ್ಪಿನ ರಸ, ಹಸಿ ಕೊಬ್ಬರಿ. ಅಲ್ಲೇ ಕೂತು ಗೊಳೋ ಅಂತ ಅತ್ತೆ ಕಣ್ರೀ. ಕೂಲಿಯೋರು ಚೇಳು ಕಚ್ತು ಅನ್ಕೊಂಡು ಓಡಿ ಬಂದ್ರು."

ನನ್ನ ಅಡುಗೆಯನ್ನು ತಿಂದು ಯಾರೂ ಹಾಗೆ ಅತ್ತಿರಲಿಲ್ಲ. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಆದರೂ ಬಂದ ಕೆಲಸ ಹೇಳಬೇಕಿತ್ತು. "ಉಪ್ಪು ಬಿಡಿಸ್ಕೊಳ್ತೀರಾ ಅಂತ ಕೇಳೋಕೆ ಬಂದೆ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನೀವು ಬಂದಿರೋದು ಅವರಿಗೆ ಗೊತ್ತಾ?"

"ಇಲ್ಲ."

"ಒಂದು ಗಂಟೆ ಆಗ್ತಾ ಬಂತು. ಮೊದಲು ಊಟ."

ಎರಡು ಎಲೆ ಹಾಕಿ ಮಾವಿನಕಾಯಿ ಚಿತ್ರಾನ್ನ ಬಡಿಸಿದಳು. ಇಬ್ಬರೂ ಒಟ್ಟಿಗೆ ಮೊದಲ ತುತ್ತು ಬಾಯಿಗಿಟ್ಟೆವು. ನನ್ನ ನಾಲಿಗೆಗೆ ಏನೂ ಇಲ್ಲ, ಅ‌ವಳದಕ್ಕೂ ಇಲ್ಲ. ಇವರು ಇನ್ನೂ ಕ್ಯಾರಿಯರ್ ಬಿಚ್ಚಿರಲಿಲ್ಲ. ಎರಡನೆಯ ತುತ್ತು, ಮೂರನೆಯ ತುತ್ತು. ಅಂಗಡಿಯಲ್ಲಿ ಕೂತ ಆ ಮನುಷ್ಯನ ಬಾಯಿಗೆ ಒಂದೇ ಚಿತ್ರಾನ್ನ, ಒಂದೇ ಒಗ್ಗರಣೆ, ಎರಡು ಕಡೆಯಿಂದ ಬರುತ್ತಿತ್ತು. ಅದು ನಮ್ಮಿಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆದಿರಬೇಕು. ಲೋಲಾಕ್ಷಿಯ ಕೈ ಎಲೆಯ ಮೇಲೇ ನಿಂತಿತು, ನನ್ನದೂ ನಿಂತಿತು. ಅವರಿಗೆ ಗೊತ್ತಾಯಿತು. ನಾವು ಎಲ್ಲಿ, ಯಾರ ಜೊತೆ ಕೂತಿದ್ದೇವೆ ಎಂದು ಗೊತ್ತಾಯಿತು. ತೋಟದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು. ಇಬ್ಬರೂ ಬಾಯಿ ಮುಚ್ಚಿ ಕಾದೆವು.

ಆಗ ಬಂತು. ಮೊದಲು ತುದಿ ನಾಲಿಗೆಗೆ, ಆಮೇಲೆ ಇಡೀ ಬಾಯಿಗೆ.

"ಬೆಲ್ಲ," ಎಂದಳು ಲೋಲಾಕ್ಷಿ. ನಾನು ತಲೆಯಾಡಿಸಿದೆ. ಅವಳು ನಕ್ಕಳು, ಕಣ್ಣು ತುಂಬಿಕೊಂಡು ನಕ್ಕಳು. "ಎಂಟು ತಿಂಗಳಲ್ಲಿ ಒಂದು ಸಲವೂ ಎದುರಿಗೆ ನಿಂತು ಕ್ಷಮಿಸು ಅನ್ನೋಕೆ ಬರ್ತಿರ್ಲಿಲ್ಲ ಆ ಮನುಷ್ಯನಿಗೆ. ಈಗ ಬರುತ್ತಾ?"

"ಈಗಲೂ ಇಲ್ಲ," ಎಂದೆ. "ಆದ್ರೆ ಕಷಾಯ ಕೊಟ್ರೆ ಕುಡೀತಾರೆ."

"ಓ. ಆ ಕಷಾಯ ನಿಮ್ದಾ?" ಎಂದು ಅವಳು ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿದೆ. "ನಾನೆಲ್ಲೋ ಕಾಯಿಲೆ ಅನ್ಕೊಂಡು ಮೂರು ಅಚ್ಚು ಬೆಲ್ಲ ತಿಂದೆ. ನಿಮಗೂ ಬಂತು ತಾನೆ ಕಹಿ?"

"ಬಂತು."

"ಒಳ್ಳೇದಾಯ್ತು," ಎಂದು ಇನ್ನೊಂದು ಸೌಟು ಬಡಿಸಿದಳು.

ಕೈ ತೊಳೆದ ಮೇಲೆ ಅವಳೇ ಮಾತು ತೆಗೆದಳು. "ಬಿಡಿಸ್ಕೊಳ್ತೀನಿ. ನಿಮಗೋಸ್ಕರ ಅಲ್ಲ, ಅವರಿಗೋಸ್ಕರವೂ ಅಲ್ಲ. ನಾನು ಎಷ್ಟು ಗಿಡಕ್ಕೆ ಕಸಿ ಕಟ್ಟಿದೀನಿ ಗೊತ್ತಾ? ನನ್ನ ಹಣ್ಣು ಸಿಹಿಯೋ ಹುಳಿಯೋ ಅಂತ ಊರೋರನ್ನ ಕೇಳಿ ತಿಳ್ಕೊಂಡು ಕಟ್ಟಿದೀನಿ. ನಾಲಿಗೆ ಈಗ ವಾಪಸು ಬಂದಿದೆ. ಹಣ್ಣು ಬೀಳೋದ್ರೊಳಗೆ ಅದು ನನ್ನದಾಗ್ಬೇಕು. ನಿಮ್ಮ ಬಸ್ಸಾರು ಬಿಟ್ಟುಕೊಡೋದೊಂದೇ ಸಂಕಟ." ಹೊಳೆಯ ಕಡೆ ಕೈ ತೋರಿಸಿ ಹೇಳಿದಳು, "ಒಂದು ಮಾತು. ಅವರೇ ಹೊಳೆ ದಾಟಿ ಬರ್ಬೇಕು. ಅವತ್ತು ಬಂದು ನೋಡಬೇಕಿತ್ತು. ಈಗಲಾದ್ರೂ ಬಂದು ನೋಡಲಿ."

ಎಂಟು ದಿನದ ಮೇಲೆ ನಾವು ಮೂವರು, ಜೊತೆಗೆ ಸಾಕ್ಷಿಗೆ ಚೆಲುವಮ್ಮ, ಅದೇ ಜಗುಲಿಯ ಮೇಲೆ ಕೂತಿದ್ದೆವು. ಕೂರುವ ಮೊದಲು ಇವರು ಅಂಗಳದಲ್ಲಿ ನಿಂತು, "ಲೋಲಾ, ಅವತ್ತೇ ಬರಬೇಕಿತ್ತು," ಎಂದರು. ಅವಳು, "ಕೂದಲೆಲ್ಲ ಎಲ್ಲಿ ಹೋಯ್ತು ನಿಮ್ದು?" ಎಂದಳು. ಚೆಲುವಮ್ಮ ಇಬ್ಬರ ಅಂಗೈಗೂ ಉಪ್ಪು ಹಾಕಿದರು. ಕೂಡಿಸುವಾಗ ಇನ್ನೊಬ್ಬರ ಅಂಗೈ, ಬಿಡಿಸುವಾಗ ತಮ್ಮ ತಮ್ಮದೇ. ಇಬ್ಬರೂ ತಮ್ಮ ಅಂಗೈ ನೆಕ್ಕಿದರು. ಲೋಲಾಕ್ಷಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಇದ್ದಳು.

ನಾನು ಆ ದಿನದ ಅಡುಗೆಯನ್ನು ಮನೆಯಿಂದ ಮಾಡಿಕೊಂಡು ಹೋಗಿದ್ದೆ. ಡಬ್ಬಿ ಬಿಚ್ಚಿ ಒಂದು ವಡೆಯನ್ನು ಅವಳಿಗೆ ಕೊಟ್ಟೆ. ಅವಳು ನಿಧಾನವಾಗಿ, ತನ್ನದೇ ನಾಲಿಗೆಯಿಂದ, ಅಗಿದಳು.

"ಈಗ ಸರಿ ಇದೆ. ಯುಗಾದಿ ಆದ್ಮೇಲೆ ಮಾಡಿದ್ರಲ್ಲ, ಅದಕ್ಕೆ ಉಪ್ಪು ಕಮ್ಮಿ ಇತ್ತು," ಎಂದಳು.

ಇವರು ತಲೆಯೆತ್ತಿದರು. ನಾನು ಅವರನ್ನು ನೋಡಿದೆ. ಆ ವಡೆ ಯಾವ ದಿನದ್ದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಏನು ಹಬ್ಬ ಅವತ್ತು?" ಎಂದು ಅವಳು ಕೇಳಿದಳು.

ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. "ನಿಮ್ಮ ತಿಥಿ," ಎಂದೆ.

ಲೋಲಾಕ್ಷಿ ವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಗಲು ಶುರುಮಾಡಿದಳು. ಚೆಲುವಮ್ಮ, "ಅಯ್ಯೋ ಶಿವನೇ, ನಾನು ಊರಲ್ಲಿಲ್ದಿದ್ ದಿನವೇ ಈ ಮಾನ ಹೋಗ್ಬೇಕಾ," ಎಂದು ಹಣೆ ಚಚ್ಚಿಕೊಂಡರು. ಇವರು ಮಾತ್ರ ನಗಲೂ ಬಾರದೆ ಅಳಲೂ ಬಾರದೆ ಕಂಬ ಹಿಡಿದುಕೊಂಡು ಕೂತಿದ್ದರು. ಕೊನೆಗೆ ನಾನೇ ಅವರ ಎಲೆಗೆ ಒಂದು ವಡೆ ಹಾಕಿ, ನನ್ನ ಎಲೆಗೂ ಒಂದು ಹಾಕಿಕೊಂಡು, "ಕಚ್ಚಿ, ನಾನೂ ರುಚಿ ನೋಡ್ಬೇಕು," ಎಂದೆ.

ಮನೆಗೆ ಬಂದ ಮೇಲೆ ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದು ನೆನಪಾದ ದಿನ ನಾನು ಒಂದೂವರೆಗೆ ಉಣ್ಣುತ್ತಿದ್ದೆ. ಇವರೂ ಒಂದೂವರೆಯ ತನಕ ಕ್ಯಾರಿಯರ್ ಬಿಚ್ಚದೆ ಕಾಯುತ್ತಿದ್ದರು. ಮಳೆಗಾಲದ ಹೊತ್ತಿಗೆ ಮತ್ತೆ ಒಂದು ಗಂಟೆಗೇ ಉಣ್ಣತೊಡಗಿದೆ. ಹೊಟ್ಟೆಯ ಸಂಕಟವೂ ನಿಂತಿತು.

ಆ ಬೇಸಿಗೆಯ ಕೊನೆಯಲ್ಲಿ ದೋಣಿಯವರ ಕೈಯಲ್ಲಿ ಒಂದು ಬುಟ್ಟಿ ಹಣ್ಣು ಬಂತು, ಜೊತೆಗೆ ಒಂದು ಚೀಟಿ. ಎರಡು ಮರ ಬರೀ ಹುಳಿ, ಜನ ಇಷ್ಟು ವರ್ಷ ಮುಖ ನೋಡಿ ಸಿಹಿ ಅಂದಿದ್ದಾರೆ, ಅವನ್ನು ಕಡಿಸಿದೆ, ಮಿಕ್ಕವು ನಿಜವಾಗಿಯೂ ಚೆನ್ನಾಗಿವೆ ಎಂದು ಬರೆದಿದ್ದಳು.

ಈ ವರ್ಷ ಶಿವರಾತ್ರಿ ಕಳೆದ ವಾರ ಮತ್ತೊಂದು ಚೀಲ ಬಂತು. ಎಳೆಯ ಮಾವಿನಕಾಯಿಗಳು. ಒಂದನ್ನು ಹೆಚ್ಚಿ, ಉಪ್ಪು, ಖಾರದ ಪುಡಿ ಹಚ್ಚಿ, ಮೆಷಿನ್ನಿನ ಪಕ್ಕ ಕೂತು ತಿಂದೆ. ಹಲ್ಲು ಚುಳ್ ಎಂದಿತು. ಅಷ್ಟೇ ನನಗೆ ಸಿಕ್ಕಿದ್ದು.

ಸಂಜೆ ಇವರು ಬಂದು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಬೆಳಗಿನ ಉಪ್ಪಿಟ್ಟು, ಹನ್ನೊಂದರ ಕಾಫಿ, ಒಂದು ಗಂಟೆಯ ಊಟ ಹೇಳಿದರು. ಎಣ್ಣೆ ಹಿಡಿದ ಬೆರಳುಗಳನ್ನು ಒಂದೊಂದಾಗಿ ಪಂಚೆಗೆ ಒರೆಸಿಕೊಂಡರು.

"ಮೂರು ಗಂಟೆಗೆ ಮಾವಿನಕಾಯಿ," ಎಂದರು. "ಖಾರ ಜಾಸ್ತಿ." ನನ್ನ ಕಡೆ ತಿರುಗಿದರು. "ನೀನೇ ತಾನೆ?"

ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟೆ. ತಲೆಯೆತ್ತಿ ಅವರ ಮುಖ ನೋಡಿದೆ.

"ಹೂಂ," ಎಂದೆ.